ಪೀರಿಯಾಡಿಕ್ ಟೇಬಲ್ ಚಾರ್ಟ್ ತಗೊಂಡ್ವಿ, ನಾಲ್ಕು ಸ್ಟಾರ್ ಕೊಡ್ತೀನಿ

ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಜೂನ್‌ನಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋದಾಗ ದುರ್ಗಿಗುಡಿ ಕಡೆ ಒಂದು ಪುಸ್ತಕದಂಗಡೀಲಿ ಗೋಡೆಗೆ ಹಾಕೋ ದೊಡ್ಡ ಆವರ್ತ ಕೋಷ್ಟಕದ ಚಾರ್ಟ್ ತಗೊಂಡ್ವಿ, 180 ರೂಪಾಯಿ. ನಮ್ಮ ಕಡೆ ಮಳೆಗಾಲ ಅಂದ್ರೆ ಕ್ಯಾಲೆಂಡರಿಗೂ ಬೂಸ್ಟು ಬರುತ್ತೆ, ಆದ್ರೆ ಇದರ ಲ್ಯಾಮಿನೇಶನ್ ಪೂರ್ತಿ ಮಳೆಗಾಲ ತಡ್ಕೊಂಡಿದೆ, ಅಂಚು ಸಹ ಎದ್ದಿಲ್ಲ. 118 ಧಾತುಗಳ ಹೆಸರೂ ಕನ್ನಡದಲ್ಲಿದೆ.

ನನಗೆ ತುಂಬ ಇಷ್ಟ ಆಗಿದ್ದು ಏನಂದ್ರೆ ಪ್ರತಿ ಧಾತುವಿನ ಮನೆಯೊಳಗೂ ಎಲೆಕ್ಟ್ರಾನ್ ಯಾವ ಕವಚದಲ್ಲಿ (ಅಂದ್ರೆ ಪರಮಾಣುವಿನ ನಡುಭಾಗದ ಸುತ್ತ ಇರೋ ಪದರದಲ್ಲಿ) ಎಷ್ಟಿದೆ ಅಂತ ಒಳಗಿಂದ ಹೊರಗೆ ಬರ್ದಿದಾರೆ. ಮಗಳು ಒಂದಿನ ಮೊದಲನೇ ಕಾಲಂನಲ್ಲಿ ಬೆರಳಿಟ್ಕೊಂಡು ಕೆಳಗೆ ಬಂದ್ಲು, ಲಿಥಿಯಂ 2,1, ಸೋಡಿಯಂ 2,8,1, ಪೊಟ್ಯಾಸಿಯಂ 2,8,8,1, "ಅಪ್ಪಾ ಕೊನೇ ಅಂಕಿ ಎಲ್ಲಾದಕ್ಕೂ ಒಂದೇ" ಅಂದ್ಲು. ಗುಂಪು ಅಂದ್ರೆ ಅದೇ ಕಣಮ್ಮ ಅಂದೆ. ಆ ಹೊರಗಿನ ಕವಚದಲ್ಲಿರೋದೇ ವೇಲೆನ್ಸಿ ಎಲೆಕ್ಟ್ರಾನ್, ಬೇರೆ ಪರಮಾಣು ಜೊತೆ ಕೊಡೋದು ತಗೊಳ್ಳೋದು ನಡೆಸೋದು ಅದೇ, ಅದಕ್ಕೇ ಒಂದು ಕಾಲಂನವು ಹೆಚ್ಚುಕಮ್ಮಿ ಒಂದೇ ಥರ ನಡ್ಕೊಳ್ತವೆ. ಆಮೇಲೆ 17ನೇ ಗುಂಪಿನ ಕ್ಲೋರಿನ್ ತೋರಿಸ್ದೆ, 2,8,7, ಹೊರಗಿನ ಕವಚ ಎಂಟಾಗಿ ಭರ್ತಿಯಾಗೋಕೆ ಒಂದೇ ಕಮ್ಮಿ. ಸೋಡಿಯಂ ಆ ಒಂದನ್ನ ಕೊಟ್ರೆ ಅಡುಗೆಮನೆ ಉಪ್ಪು, ಪೊಟ್ಯಾಸಿಯಂ ಕೊಟ್ರೆ ನಾವು ಅಡಿಕೆ ಮರದ ಬುಡಕ್ಕೆ ಹಾಕೋ ಪೊಟ್ಯಾಷ್ ಗೊಬ್ಬರ. ಎರಡೂ ಒಂದೇ ಲೆಕ್ಕ ಅಂತ ಗೊತ್ತಾದಾಗ ಅವಳಿಗೆ ಆದ ಖುಷಿಗೆ 180 ರೂಪಾಯಿ ಏನೂ ಅಲ್ಲ.

ಹಳೇ ಗುಂಪಿನ ನಂಬರೂ ಸಣ್ಣಕ್ಷರದಲ್ಲಿ ಕೊಟ್ಟಿದಾರೆ, ಒಳ್ಳೇದಾಯ್ತು, ನಾವು ಓದೋವಾಗ ಕ್ಲೋರಿನ್ ಏಳು-ಎ ಗುಂಪು, ಆ ಏಳೇ ವೇಲೆನ್ಸಿ ಎಲೆಕ್ಟ್ರಾನ್ ಎಷ್ಟು ಅಂತ ಹೇಳ್ತಿತ್ತು. 1ರಿಂದ 18ರ ನಂಬರಿಂಗ್‌ನಲ್ಲಿ 13ರಿಂದ ಆಚೆಗೆ ಹತ್ತು ಕಳೀಬೇಕು.

ಒಂದು ಸ್ಟಾರ್ ಕಟ್ ಮಾಡಿದ್ದು ಇಲ್ಲೇ. ಚಾರ್ಟ್ ಕೆಳಗಡೆ "ಗುಂಪಿನ ಸಂಖ್ಯೆಯ ಕೊನೆಯ ಅಂಕಿಯೇ ವೇಲೆನ್ಸಿ ಎಲೆಕ್ಟ್ರಾನ್" ಅಂತ ಎಲ್ಲಾ ಗುಂಪಿಗೂ ಸೇರಿಸಿ ಹಾಕ್ಬಿಟ್ಟಿದಾರೆ. ಹೀಲಿಯಂ ಇರೋದು 18ನೇ ಗುಂಪಲ್ಲಿ, ಈ ಲೆಕ್ಕದಲ್ಲಿ ಎಂಟಾಗ್ಬೇಕು, ಅದರ ಹತ್ರ ಇರೋದೇ ಒಟ್ಟು ಎರಡು ಎಲೆಕ್ಟ್ರಾನ್! ಮೊದಲ ಕವಚ ಎರಡಕ್ಕೇ ತುಂಬೋದ್ರಿಂದ ಅದು ನಿಯಾನ್, ಆರ್ಗಾನ್ ಥರ ಸುಮ್ನಿರುತ್ತೆ, ಅದಕ್ಕೇ ಆ ಕಾಲಂನಲ್ಲಿಟ್ಟಿದಾರೆ. ಮಧ್ಯದ 3ರಿಂದ 12ಕ್ಕೂ ಈ ಸೂತ್ರ ಸರಿ ಹೋಗಲ್ಲ. ಕಬ್ಬಿಣ 8ನೇ ಗುಂಪು, ಆದ್ರೆ 2,8,14,2, ಹೊರಗಡೆ ಎರಡೇ, ಸಾಮಾನ್ಯವಾಗಿ ಬಿಟ್ಕೊಡೋದು ಎರಡು ಇಲ್ಲಾ ಮೂರು, ಯಾಕಂದ್ರೆ ಒಳಗಿನ ಕವಚದ್ದೂ ಬರುತ್ತೆ. ಕೊಳೆರೋಗಕ್ಕೆ ಹೊಡೆಯೋ ಮೈಲುತುತ್ತದಲ್ಲಿರೋ ತಾಮ್ರನೂ ಅಷ್ಟೇ, ಹೊರಗಡೆ 1, ಕೊಟ್ಟಿರೋದು 2. ಪರೀಕ್ಷೆಗೆ ಓದೋ ಮಕ್ಕಳು ಇದನ್ನ ಹಾಗೇ ಬಾಯಿಪಾಠ ಮಾಡಿದ್ರೆ ಮಾರ್ಕ್ಸ್ ಹೋಗುತ್ತೆ, ಪ್ರಿಂಟ್ ಮಾಡೋರು ದಯವಿಟ್ಟು ತಿದ್ದಬೇಕು.

ನಾವು ಆ ಸಾಲಿನ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿ "1, 2 ಹಾಗೇ, 13ರಿಂದ 18 ಹತ್ತು ಕಳೀರಿ, ಹೀಲಿಯಂಗೆ 2" ಅಂತ ಮಾರ್ಕರಲ್ಲಿ ಬರ್ಕೊಂಡಿದೀವಿ. ನೀವು ತಗೊಂಡ್ರೂ ಹಂಗೇ ಮಾಡ್ಕೊಳ್ಳಿ.