ಐಇಎಲ್‌ಟಿಎಸ್ ಸ್ಪೀಕಿಂಗ್ ಕೋಚಿಂಗ್: ದುಡ್ಡು ಮಾಕ್‌ಗೆ ಕೊಡಿ, ನೋಟ್ಸ್‌ಗೆ ಬೇಡ

ವಿಜಯನಗರದ ಕಡೆ ಒಂದು ಕೋಚಿಂಗ್ ಸೆಂಟರ್‌ನಲ್ಲಿ ಐಇಎಲ್‌ಟಿಎಸ್ (ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ) ಸ್ಪೀಕಿಂಗ್ ಪ್ಯಾಕೇಜ್ ತೆಗೆದುಕೊಂಡಿದ್ದೆ. ಹೆಸರು ಹಾಕುವುದಿಲ್ಲ. ನಾನು ಬೈಯುವ ವಿಷಯ ಆ ಒಂದು ಜಾಗದ್ದಲ್ಲ, ನನ್ನ ಜೊತೆ ಡ್ಯೂಟಿ ಮಾಡುವವರು ಹೋದ ಬೇರೆ ಸೆಂಟರ್‌ಗಳಲ್ಲೂ ಇದೇ ಕತೆ. ಚುಟುಕಾಗಿ ಹೇಳಬೇಕೆಂದರೆ, ಅಲ್ಲಿನ ಮಾಕ್ ಇಂಟರ್‌ವ್ಯೂ, ಅಂದರೆ ಅಣಕು ಪರೀಕ್ಷೆ, ಕೊಟ್ಟ ಕಾಸಿಗೆ ಮೋಸವಿಲ್ಲ, ನೋಟ್ಸ್ ಮಾತ್ರ ರದ್ದಿಗೆ ಹಾಕಬೇಕು.

ನಾನು ನರ್ಸ್. ಯುಕೆಯಲ್ಲಿ ಕೆಲಸ ಮಾಡಬೇಕಾದರೆ ಅಲ್ಲಿನ ನರ್ಸಿಂಗ್ ಕೌನ್ಸಿಲ್‌ಗೆ ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ 9ಕ್ಕೆ 7 ಬೇಕು, ರೈಟಿಂಗ್‌ಗೆ 6.5 ಸಾಕು. ಉಳಿದವನ್ನು ಹೇಗೋ ಮನೆಯಲ್ಲೇ ಕೂತು ಪ್ರಾಕ್ಟೀಸ್ ಮಾಡಬಹುದು, ಆದರೆ ಸ್ಪೀಕಿಂಗ್‌ಗೆ ಎದುರಿಗೆ ಒಬ್ಬರು ಕೂತು ಪ್ರಶ್ನೆ ಕೇಳಬೇಕಲ್ವಾ? ಮನೆಯಲ್ಲಿ ಇಂಗ್ಲಿಷ್ ಮಾತಾಡಿದರೆ ಎಲ್ಲರೂ ನಗುತ್ತಾರೆ. ವಾರ್ಡಿನಲ್ಲಿ ಇಡೀ ದಿನ ಕನ್ನಡ, ತಮಿಳು, ಮಲಯಾಳಂ, ಸ್ವಲ್ಪ ಹಿಂದಿ, ಡಾಕ್ಟರ್ ರೌಂಡ್ಸ್‌ಗೆ ಬಂದಾಗ ಮಾತ್ರ ನಾಲ್ಕು ಇಂಗ್ಲಿಷ್ ವಾಕ್ಯ. ಹಾಗಾಗಿ ಸೇರಿದೆ.

ಗೊತ್ತಿಲ್ಲದವರಿಗೆ ಸ್ಪೀಕಿಂಗ್ ಪರೀಕ್ಷೆ ಹೇಗಿರುತ್ತದೆ ಎಂದು ಒಂದು ಮಾತು. ಒಟ್ಟು 11ರಿಂದ 14 ನಿಮಿಷ. ಎಕ್ಸಾಮಿನರ್ ಒಬ್ಬರೇ, ಮಾತು ರೆಕಾರ್ಡ್ ಆಗುತ್ತದೆ. ಮೊದಲು ಊರು, ಕೆಲಸ, ಊಟ, ಹವ್ಯಾಸ ಅಂತ ಸುಲಭದ ಪ್ರಶ್ನೆಗಳು. ಆಮೇಲೆ ಮಾತಾಡಬೇಕಾದ ವಿಷಯ ಬರೆದಿರುವ ಒಂದು ಕ್ಯೂ ಕಾರ್ಡ್ ಕೊಡುತ್ತಾರೆ, ಯೋಚಿಸಲು 1 ನಿಮಿಷ, ಬರೆದುಕೊಳ್ಳಲು ಪೇಪರ್ ಪೆನ್ಸಿಲ್, ನಂತರ 1ರಿಂದ 2 ನಿಮಿಷ ಒಬ್ಬರೇ ಮಾತಾಡಬೇಕು. ಕೊನೆಗೆ ಅದೇ ವಿಷಯದ ಮೇಲೆ ಸ್ವಲ್ಪ ಗಟ್ಟಿ ಚರ್ಚೆ. ಅಂಕ ಬರುವುದು ನಾಲ್ಕು ಕಡೆಯಿಂದ: ತಡವರಿಸದೆ ಒಂದಕ್ಕೊಂದು ಹೊಂದುವಂತೆ ಮಾತಾಡುವುದು, ಪದಗಳು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಪಾಲು. ಎರಡರಲ್ಲಿ 7 ಎರಡರಲ್ಲಿ 6 ಬಂದರೆ ಕೈಗೆ ಸಿಗುವುದು 6.5, ನಮ್ಮಂಥವರಿಗೆ ಅದು ಫೇಲ್ ಇದ್ದ ಹಾಗೆ.

ಈಗ ನೋಟ್ಸ್ ವಿಷಯ. ಸೇರಿದ ದಿನವೇ ಸ್ಪೈರಲ್ ಬೈಂಡಿಂಗ್ ಹಾಕಿದ ದಪ್ಪ ಪುಸ್ತಕ ಕೈಗಿಟ್ಟರು. ಪ್ರತಿ ಪ್ರಶ್ನೆಗೂ ಸಿದ್ಧ ಉತ್ತರ. ಉರು ಹೊಡೆಯಿರಿ, ಅಷ್ಟೇ ಎಂದರು. ಅರಸೀಕೆರೆಯ ಒಬ್ಬಳು ಹುಡುಗಿ ನನ್ನ ಬ್ಯಾಚಿನಲ್ಲಿದ್ದಳು. ನಿಮ್ಮ ಊರಿನ ಬಗ್ಗೆ ಹೇಳಿ ಅಂದರೆ 'ಮೈ ಹೋಮ್‌ಟೌನ್ ಈಸ್ ಎ ಬಸ್ಲಿಂಗ್ ಮೆಟ್ರೊಪೊಲಿಸ್' ಅಂತ ಶುರು ಮಾಡಿದಳು! ಅರಸೀಕೆರೆ ಕಣ್ರೀ. ರೈಲ್ವೆ ಜಂಕ್ಷನ್ ಇದೆ, ಸುತ್ತ ತೆಂಗಿನ ತೋಟ ಇದೆ, ರಾತ್ರಿ ರೈಲಿನ ಸದ್ದಿಗೆ ಎಚ್ಚರ ಆಗುತ್ತದೆ ಅಂತ ಅವಳೇ ಟೀ ಕುಡಿಯುವಾಗ ಎಷ್ಟು ಚೆನ್ನಾಗಿ ಹೇಳುತ್ತಿದ್ದಳು. ಅದನ್ನೇ ಮುರುಕು ಇಂಗ್ಲಿಷ್‌ನಲ್ಲಿ ಹೇಳಿದರೂ ಆ ಬಾಯಿಪಾಠಕ್ಕಿಂತ ಮೇಲು. ಬಾಯಿಪಾಠ ಹಿಡಿಯುವುದಕ್ಕೆ ಎಕ್ಸಾಮಿನರ್‌ಗೆ ಟ್ರೇನಿಂಗ್ ಕೊಟ್ಟಿರುತ್ತಾರೆ. ಒಬ್ಬರು ಒಂದೇ ಸಮನೆ ಮಂತ್ರ ಹೇಳಿದ ಹಾಗೆ ಹೇಳಿ, ಮುಂದಿನ ಪ್ರಶ್ನೆಗೆ 'ಅದು... ಆಕ್ಚುಲಿ... ಬೇಸಿಕಲಿ...' ಎಂದು ನಿಂತರೆ ಯಾರಿಗೆ ತಾನೇ ಗೊತ್ತಾಗಲ್ಲ?

ಇನ್ನೊಂದು ದಂಧೆ ಗೆಸ್ ಲಿಸ್ಟ್. ಜನವರಿ, ಮೇ, ಸೆಪ್ಟೆಂಬರ್‌ನಲ್ಲಿ ಕ್ಯೂ ಕಾರ್ಡ್ ಬದಲಾಗುತ್ತವೆ ಎಂದು ಹೇಳಿ, ಪ್ರತಿ ಸಲ ಹೊಸ ಪಟ್ಟಿ, ಪ್ರತಿ ಸಲ ಬೇರೆ ದುಡ್ಡು. ಟೆಲಿಗ್ರಾಂನಲ್ಲಿ ಅಂಥದ್ದು ಸುಮ್ನೆ ಸಿಗುತ್ತದೆ. ವಿಷಯಗಳ ಮೇಲೆ ಒಮ್ಮೆ ಕಣ್ಣಾಡಿಸುವುದು ತಪ್ಪಲ್ಲ. ಉತ್ತರ ಕೊಂಡುಕೊಳ್ಳುವುದು ದಂಡ.

ಇಷ್ಟೆಲ್ಲ ಬೈದರೂ ಮತ್ತೆ ಸೇರುತ್ತೀರಾ ಅಂದರೆ ಸೇರುತ್ತೇನೆ, ಅದಕ್ಕೆ ಕಾರಣ ಮಾಕ್ ತೆಗೆದುಕೊಳ್ಳುವ ಮೇಡಂ. ಕ್ಲಾಸ್ ಮಾಡುವವರು ಬೇರೆ, ಇವರು ಬೇರೆ. ಹಿಂದಿನ ಚಿಕ್ಕ ರೂಮು, ಮೇಜಿನ ಮೇಲೆ ಒಂದು ಫೋನು, ಅದರಲ್ಲೇ ರೆಕಾರ್ಡಿಂಗ್ ಮತ್ತು ಟೈಮರ್. ನಗುವುದಿಲ್ಲ, ತಲೆ ಆಡಿಸುವುದಿಲ್ಲ, ಚೆನ್ನಾಗಿದೆ ಅನ್ನುವುದಿಲ್ಲ. ಮೊದಲು ನನಗೆ ಸಿಟ್ಟೇ ಬಂದಿತ್ತು, ಏನಪ್ಪಾ ಇಷ್ಟು ಬಿಗುಮಾನ ಅಂತ. ಆಮೇಲೆ ಗೊತ್ತಾಯಿತು, ಪರೀಕ್ಷೆಯಲ್ಲೂ ಹಾಗೇ. 2 ನಿಮಿಷ ಆದ ಕೂಡಲೇ ಅರ್ಧ ವಾಕ್ಯದಲ್ಲಿ ಇದ್ದರೂ ಥ್ಯಾಂಕ್ ಯೂ ಎಂದು ನಿಲ್ಲಿಸುತ್ತಾರೆ, ಅದಕ್ಕೆ ಅಂಕ ಕಡಿಮೆ ಆಗುವುದಿಲ್ಲ, ಗಾಬರಿ ಬಿದ್ದು ಮುಂದಿನದನ್ನು ಹಾಳು ಮಾಡಿಕೊಂಡರೆ ಮಾತ್ರ ನಷ್ಟ.

ಮಾಕ್ ಮುಗಿದ ಮೇಲೆ ಮೇಡಂ ರೆಕಾರ್ಡಿಂಗ್ ಹಾಕಿ ಜೊತೆಗೇ ಕೂತು ಕೇಳುತ್ತಾರೆ. ಕೊಟ್ಟ ದುಡ್ಡಿಗೆ ನಿಜವಾಗಿ ಸಿಗುವುದು ಇದೇ. ನಮ್ಮ ದನಿ ನಾವೇ ಕೇಳಿದಾಗ ಬರುವ ಮುಜುಗರ ಒಂದು ಕಡೆ ಇರಲಿ, ಕನ್ನಡದವರ ಇಂಗ್ಲಿಷ್‌ನಲ್ಲಿ ಎಲ್ಲಿ ಎಡವುತ್ತಾರೆ ಎಂದು ಅವರಿಗೆ ಚೆನ್ನಾಗಿ ಗೊತ್ತು. 'ಎವ್ರಿ' ಅನ್ನುವುದು ನಮ್ಮ ಬಾಯಲ್ಲಿ 'ಯೆವ್ರಿ' ಆಗುತ್ತದೆ, 'ಓನ್ಲಿ' ಹೋಗಿ 'ವೋನ್ಲಿ'. ವಾಕ್ಡ್ ಅನ್ನುವುದನ್ನು ವಾಕೆಡ್ ಅನ್ನುತ್ತೇವೆ. 'ಐ ಯಾಮ್ ಹ್ಯಾವಿಂಗ್ ಟೂ ಬ್ರದರ್ಸ್' ಅಂತೂ ಇದ್ದೇ ಇದೆ. ನಾನು ನಿನ್ನೆ ನಡೆದ ಕತೆ ಶುರು ಮಾಡಿ ಮೂರನೇ ವಾಕ್ಯಕ್ಕೆ ಇವತ್ತಿಗೆ ಬಂದುಬಿಡುತ್ತಿದ್ದೆ. ಮೇಡಂ ಅಲ್ಲೇ ಪಾಸ್ ಒತ್ತಿ, 'ಪೇಷಂಟ್ ಬಂದದ್ದು ಯಾವಾಗ ಸಿಸ್ಟರ್?' ಎಂದು ಕೇಳುತ್ತಿದ್ದರು, ಅಷ್ಟೇ, ನಾನೇ ಸರಿ ಮಾಡಿಕೊಳ್ಳುವವರೆಗೂ ಪ್ಲೇ ಒತ್ತುತ್ತಿರಲಿಲ್ಲ.

ಆಕ್ಸೆಂಟ್ ಬಗ್ಗೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ, ಅದು ನನಗೆ ಇಷ್ಟವಾಯಿತು. ಪಕ್ಕದ ಬ್ಯಾಚಿನಲ್ಲಿ ಒಬ್ಬ ಸರ್ ಎಲ್ಲರಿಗೂ ಬ್ರಿಟಿಷ್ ಆಕ್ಸೆಂಟ್ ಕಲಿಸುತ್ತಿದ್ದರು, 'ವಾಟರ್' ಅನ್ನುವುದಕ್ಕೇ ಅರ್ಧ ಗಂಟೆ. ಪರೀಕ್ಷೆಯಲ್ಲಿ ನೋಡುವುದು ಕೇಳುವವರಿಗೆ ತಿಣುಕದೆ ಅರ್ಥವಾಗುತ್ತದೆಯೇ ಎಂದು. ನಮ್ಮ ಹಾಸನದ, ಮಂಗಳೂರಿನ ಧಾಟಿ ಇದ್ದರೆ ಇರಲಿ ಬಿಡಿ.

ಕ್ಯೂ ಕಾರ್ಡ್‌ನ ಆ 1 ನಿಮಿಷವನ್ನು ಹೇಗೆ ಬಳಸಬೇಕು ಎಂದು ಹೇಳಿಕೊಟ್ಟದ್ದೂ ಕೆಲಸಕ್ಕೆ ಬಂತು. ವಾಕ್ಯ ಬರೆಯಬೇಡಿ, ಐದಾರು ಪದ ಬರೆಯಿರಿ, ಅದರಲ್ಲಿ ಒಂದಾದರೂ ಕಣ್ಣಿಗೆ ಕಂಡದ್ದು ಇರಲಿ ಎಂದರು. 'ನಿಮಗೆ ಸಹಾಯ ಮಾಡಿದ ಒಬ್ಬರ ಬಗ್ಗೆ ಹೇಳಿ' ಎಂಬ ಕಾರ್ಡ್ ಬಂದಾಗ ನಾನು ನಮ್ಮ ಹಳೆ ವಾರ್ಡ್ ಇನ್‌ಚಾರ್ಜ್ ಅಕ್ಕನ ಬಗ್ಗೆ ಹೇಳಿದೆ. ಪೇಪರಿನ ಮೇಲೆ 'ಕ್ಯಾನುಲಾ, ಕೈ ನಡುಕ, ರಾತ್ರಿ, ಬಿಸ್ಕತ್ತು' ಎಂದಷ್ಟೇ ಇತ್ತು, ಅದೂ ಕನ್ನಡದಲ್ಲಿ. ಆ ನಾಲ್ಕು ಪದದ ಮೇಲೆ 2 ನಿಮಿಷ ಸಲೀಸಾಗಿ ಓಡಿತು.

ಇನ್ನು ದೂರುಗಳು. ಪ್ಯಾಕೇಜ್ 9,500 ರೂಪಾಯಿ, ಅದರಲ್ಲಿ ಮಾಕ್‌ಗಳು ಕಡಿಮೆ, ಗುಂಪು ಕ್ಲಾಸ್ ಜಾಸ್ತಿ. ಗುಂಪು ಕ್ಲಾಸಿನಲ್ಲಿ ನಮ್ಮ ಸರದಿ ಬರುವಷ್ಟರಲ್ಲಿ ಆಕಳಿಕೆ ಬರುತ್ತದೆ. ಮಾಕ್ ಮಾತ್ರ ಬಿಡಿಯಾಗಿ ಕೊಡಿ ಅಂದರೆ ರಿಸೆಪ್ಷನ್‌ನಲ್ಲಿ ಆಗಲ್ಲ ಅನ್ನುತ್ತಾರೆ, ಒಳಗೆ ಹೋಗಿ ಮ್ಯಾನೇಜರ್ ಹತ್ತಿರ ಗಟ್ಟಿಯಾಗಿ ಕೇಳಿದರೆ ಆಗುತ್ತದೆ. ಕೇಳಿ. ಕೊನೆಯ ಭಾಗದ ಚರ್ಚೆಗೆ ತಯಾರಿ ತೀರಾ ಕಮ್ಮಿ, ಎಲ್ಲರೂ ಕ್ಯೂ ಕಾರ್ಡ್ ಹಿಂದೆಯೇ ಬೀಳುತ್ತಾರೆ. 6ರಲ್ಲಿ ನಿಂತವರು 7ಕ್ಕೆ ಹತ್ತಬೇಕಾದರೆ 'ಯಾಕೆ ಹಾಗೆ', 'ಮುಂದೆ ಏನಾಗಬಹುದು' ಎಂಬ ಪ್ರಶ್ನೆಗಳಿಗೆ ಒಂದು ಅಭಿಪ್ರಾಯ ಇಟ್ಟು, ಅದಕ್ಕೆ ಒಂದು ಕಾರಣ, ಒಂದು ಉದಾಹರಣೆ ಕೊಟ್ಟು ಎಳೆಯುವುದು ಬರಬೇಕು. ಅದನ್ನು ನಾನು ರೂಮ್‌ಮೇಟ್ ಜೊತೆ ಮಲಗುವ ಮುಂಚೆ ವಾದ ಮಾಡಿ ಮಾಡಿ ಕಲಿತೆ. ಅವಳಿಗೂ ಪ್ರಾಕ್ಟೀಸ್ ಆಯಿತು, ಒಂದು ರೂಪಾಯಿ ಖರ್ಚಿಲ್ಲ.

ನರ್ಸ್‌ಗಳು ಇನ್ನೊಂದು ವಿಷಯ ಗಮನಿಸಿ. ಯುಕೆ ಕೌನ್ಸಿಲ್ ಒಇಟಿ (ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ) ಕೂಡ ಒಪ್ಪುತ್ತದೆ. ಅದರ ಸ್ಪೀಕಿಂಗ್‌ನಲ್ಲಿ ಎರಡು ರೋಲ್ ಪ್ಲೇ, ಎದುರಿನವರು ಪೇಷಂಟ್ ಅಥವಾ ಪೇಷಂಟ್ ಕಡೆಯವರ ಥರ ಮಾತಾಡುತ್ತಾರೆ, ನೀವು ದಿನಾ ಮಾಡುವುದನ್ನೇ ಇಂಗ್ಲಿಷ್‌ನಲ್ಲಿ ಮಾಡಬೇಕು. ಫೀಸು ಐಇಎಲ್‌ಟಿಎಸ್‌ಗಿಂತ ಜಾಸ್ತಿ. ಆದರೂ ಈ ದಾರಿ ಇದೆ ಎಂದು ಸೆಂಟರ್‌ನವರು ಮೊದಲೇ ಹೇಳಬೇಕಿತ್ತು, ಅವರಲ್ಲಿ ಆ ಕೋರ್ಸ್ ಇಲ್ಲವಲ್ಲ, ಅದಕ್ಕೇ ಬಾಯಿ ಬಿಡಲಿಲ್ಲ.

ಐದಕ್ಕೆ ಮೂರು ಸ್ಟಾರ್, ಮೂರೂ ಮೇಡಂಗೆ. ಸೇರುವವರು ಬೆಳಗಿನ ಬ್ಯಾಚ್ ಕೇಳಿ. ಸಂಜೆ ಕಾಲೇಜು ಹುಡುಗರು ತುಂಬಿರುತ್ತಾರೆ, ಬೆಳಿಗ್ಗೆ ಜನ ಕಡಿಮೆ, ನೈಟ್ ಡ್ಯೂಟಿ ಮುಗಿಸಿ ನೇರ ಬರುವವರಿಗೆ ಮಾಕ್ ಸ್ಲಾಟ್ ಬೇಗ ಸಿಗುತ್ತದೆ.