ಸುರಕ್ಷಾ ಕ್ಲಿನಿಕ್‌ನ ಕೆಂಪು ಕಿಟ್: ಗಂಡಸರ ಗುಪ್ತಾಂಗದ ಗುಳ್ಳೆಗೆ ಎಷ್ಟರಮಟ್ಟಿಗೆ ಆದೀತು?

ಸುರಕ್ಷಾ ಕ್ಲಿನಿಕ್‌ಗೆ ಹೋಗುವುದಾದರೆ ಗುಳ್ಳೆ ಒಡೆಯುವ ಮುನ್ನ ಹೋಗಿ, ಏನನ್ನೂ ಹಚ್ಚದೆ ಹೋಗಿ. ಜಿಲ್ಲಾ ಆಸ್ಪತ್ರೆ, ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) ನೆರವಿನಿಂದ ಲೈಂಗಿಕ ರೋಗಗಳಿಗಾಗಿ ನಡೆಯುವ ಈ ಕ್ಲಿನಿಕ್‌ಗಳಲ್ಲಿ ತಪಾಸಣೆ, ಔಷಧಿ ಎಲ್ಲವೂ ಉಚಿತ. ಇಲ್ಲಿ ಲ್ಯಾಬ್ ವರದಿಗೆ ಕಾಯದೆ, ಲಕ್ಷಣ ನೋಡಿ ಅಂದೇ ಔಷಧಿ ಕೊಡುತ್ತಾರೆ. ಒಟ್ಟು 7 ಬಣ್ಣದ ಕಿಟ್‌ಗಳಿವೆ. ಶಿಶ್ನದ ಮೇಲಿನ ಗುಳ್ಳೆ, ಹುಣ್ಣಿಗೆ ಸಂಬಂಧಪಟ್ಟವು ಮೂರು: ಕೆಂಪು, ಬಿಳಿ, ನೀಲಿ. ನಿಮಗೆ ಯಾವುದು ಸಿಗುತ್ತದೆ ಎನ್ನುವುದು ವೈದ್ಯರ ಕಣ್ಣಿಗೆ ಏನು ಬೀಳುತ್ತದೆ ಎನ್ನುವುದರ ಮೇಲೆಯೇ ನಿಂತಿದೆ.

ಕೆಂಪು ಕಿಟ್ ಹರ್ಪಿಸ್‌ಗೆ, ಅಂದರೆ ವೈರಸ್‌ನಿಂದ ಏಳುವ ನೀರ್ಗುಳ್ಳೆಗೆ. ಒಳಗಿರುವುದು ಅಸೈಕ್ಲೋವಿರ್ 400 ಮಿ.ಗ್ರಾಂನ 21 ಮಾತ್ರೆ. ದಿನಕ್ಕೆ ಮೂರರಂತೆ 7 ದಿನ. ಲೈಂಗಿಕ ಸಂಪರ್ಕವಾದ 2ರಿಂದ 12 ದಿನದೊಳಗೆ, ಕೆಂಪಾದ ಚರ್ಮದ ಮೇಲೆ ಸಾಸಿವೆ ಗಾತ್ರದ ನೀರ್ಗುಳ್ಳೆಗಳು ಗುಂಪಾಗಿ ಎದ್ದು, ಉರಿ ಮತ್ತು ತೊಡೆಸಂದಿನಲ್ಲಿ ನೋಯುವ ಗಂಟು ಜೊತೆಗಿದ್ದರೆ ಈ ಕಿಟ್ ಸರಿಯಾದ ಆಯ್ಕೆ. ಗುಳ್ಳೆಗಳು ಎರಡು ಮೂರು ದಿನದಲ್ಲಿ ಒಡೆದು ಒಂದಕ್ಕೊಂದು ಕೂಡಿಕೊಂಡು ಹಸಿ ಹುಣ್ಣಾಗುತ್ತವೆ. ಆಮೇಲೆ ಗುರುತು ಹಿಡಿಯುವುದು ಕಷ್ಟ. ಮೊದಲ ಸಲದ ಹರ್ಪಿಸ್ ಔಷಧಿಯಿಲ್ಲದೆ ಎರಡು ಮೂರು ವಾರ ಎಳೆಯುತ್ತದೆ. 72 ಗಂಟೆಯೊಳಗೆ ಮಾತ್ರೆ ಶುರುವಾದರೆ ನೋವೂ ದಿನಗಳೂ ಕಡಿಮೆಯಾಗುತ್ತವೆ. ವೈರಸ್ ಮಾತ್ರ ನರದ ಬುಡದಲ್ಲಿ ಉಳಿದೇ ಉಳಿಯುತ್ತದೆ. ಅದನ್ನು ತೆಗೆದುಹಾಕುವ ಔಷಧಿ ಎಲ್ಲಿಯೂ ಇಲ್ಲ. ಮಾತ್ರೆ ನುಂಗುವ ದಿನಗಳಲ್ಲಿ ಚೆನ್ನಾಗಿ ನೀರು ಕುಡಿಯಬೇಕು. ಕಿಡ್ನಿ ತೊಂದರೆ ಇದ್ದವರು ಮೊದಲೇ ಹೇಳಬೇಕು, ಪ್ರಮಾಣ ಬದಲಾಗುತ್ತದೆ.

ಕಿಟ್‌ನಲ್ಲಿ ನೋವಿಗೆ ಏನೂ ಇಲ್ಲ. ಇದು ನಿಜವಾದ ಕೊರತೆ. ಪ್ಯಾರಾಸಿಟಮಾಲ್ ಕೇಳಿ ಪಡೆಯಿರಿ. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ದಿನಕ್ಕೆ ಎರಡು ಸಲ ಹತ್ತು ನಿಮಿಷ ತೊಳೆದು, ಉಜ್ಜದೆ ಒಣಗಿಸಿ. ಮೂತ್ರ ಹೊಯ್ಯುವಾಗ ಉರಿ ತಡೆಯಲಾಗದಿದ್ದರೆ ಮೇಲಿಂದ ನೀರು ಸುರಿದುಕೊಳ್ಳುತ್ತಾ ಹೊಯ್ಯಿರಿ. ತೊಳೆಯಲು ಹಿಂದೆ ಸರಿಸಿದ ಮುಂದೊಗಲನ್ನು ಮತ್ತೆ ಮುಂದಕ್ಕೆ ತರಲೇಬೇಕು; ಹಾಗೇ ಬಿಟ್ಟರೆ ಬಿಗಿದುಕೊಂಡು ಊದಿ ತುರ್ತು ಚಿಕಿತ್ಸೆಗೆ ಓಡಬೇಕಾಗುತ್ತದೆ.

ಬಿಳಿ ಕಿಟ್ ಬೇರೆ ಸ್ವಭಾವದ ಹುಣ್ಣಿಗೆ. ಸಿಫಿಲಿಸ್ ಹುಣ್ಣು ಸಾಮಾನ್ಯವಾಗಿ ಒಂದೇ, ಅಂಚು ಗಟ್ಟಿ, ನೋವಿಲ್ಲ. ಮೂರರಿಂದ ಆರು ವಾರದಲ್ಲಿ ತಾನಾಗಿ ಮಾಯವಾಗುವುದರಿಂದ ಜನ ವಾಸಿಯಾಯಿತೆಂದು ಸುಮ್ಮನಾಗುತ್ತಾರೆ, ರೋಗ ಒಳಗೊಳಗೇ ಮುಂದುವರಿಯುತ್ತದೆ. ಕಿಟ್‌ನಲ್ಲಿ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್ ಇಂಜೆಕ್ಷನ್ ಮತ್ತು ಅಜಿತ್ರೋಮೈಸಿನ್ 1 ಗ್ರಾಂ ಇರುತ್ತವೆ. ಅಲರ್ಜಿ ನೋಡುವ ಟೆಸ್ಟ್ ಡೋಸ್ ಕೊಡದೆ ಚುಚ್ಚಿಸಿಕೊಳ್ಳಬೇಡಿ, ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲಿಂದ ಕದಲಬೇಡಿ. ಪೆನಿಸಿಲಿನ್ ಆಗದವರಿಗೆ ನೀಲಿ ಕಿಟ್: 15 ದಿನ ಡಾಕ್ಸಿಸೈಕ್ಲಿನ್, ಜೊತೆಗೆ ಅಜಿತ್ರೋಮೈಸಿನ್. ಸಿಫಿಲಿಸ್ ಪತ್ತೆಗೆ ಮಾಡುವ ರಕ್ತದ ಆರ್‌ಪಿಆರ್ ಪರೀಕ್ಷೆ ಹುಣ್ಣು ಎದ್ದ ಮೊದಲ ದಿನಗಳಲ್ಲಿ ನೆಗೆಟಿವ್ ಬರಬಹುದು. ಒಂದು ನೆಗೆಟಿವ್ ಚೀಟಿ ಹಿಡಿದು ನೆಮ್ಮದಿಯಾಗಿರದೆ ಮತ್ತೊಮ್ಮೆ ಮಾಡಿಸಿ.

ಇಡೀ ವ್ಯವಸ್ಥೆ ಕೆಡುವುದು ಬಹುತೇಕ ಕ್ಲಿನಿಕ್ ಬಾಗಿಲಿಗೆ ಬರುವ ಮೊದಲೇ. ಮೆಡಿಕಲ್ ಶಾಪ್‌ನಲ್ಲಿ ಗುಟ್ಟಾಗಿ ಕೇಳಿದರೆ ಕೈಗೆ ಬರುವುದು ಕ್ಲೋಬೆಟಸಾಲ್‌ನಂಥ ಕಡುಸ್ಟಿರಾಯ್ಡ್, ಒಂದು ಆಂಟಿಬಯೋಟಿಕ್, ಒಂದು ಶಿಲೀಂಧ್ರ ಔಷಧಿ ಬೆರೆಸಿದ ಕ್ರೀಮು. ಸ್ಟಿರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ, ಆದರೂ ಮಾರಾಟ ನಿಂತಿಲ್ಲ. ಇದನ್ನು ಹಚ್ಚಿದ ಎರಡೇ ದಿನಕ್ಕೆ ಕೆಂಪು, ತುರಿಕೆ ಇಳಿಯುತ್ತವೆ. ವೈರಸ್, ಶಿಲೀಂಧ್ರ, ಕಜ್ಜಿ ಯಾವುದಿದ್ದರೂ ಒಳಗೆ ಹಬ್ಬುತ್ತದೆ, ಅಲ್ಲಿನ ತೆಳುಚರ್ಮ ಇನ್ನೂ ತೆಳುವಾಗುತ್ತದೆ. ಡೆಟಾಲ್ ಸುರಿದುಕೊಂಡು ಸುಟ್ಟ ಗಾಯ ಮಾಡಿಕೊಂಡರೂ ಅಷ್ಟೇ, ಮೂಲ ಹುಣ್ಣು ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ಅಸೈಕ್ಲೋವಿರ್ ಕ್ರೀಮಿನಿಂದ ಈ ಜಾಗದಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ, ಹಣ ಉಳಿಸಿ.

ಎಲ್ಲ ಗುಳ್ಳೆಯೂ ಲೈಂಗಿಕ ರೋಗವಲ್ಲ, ಮತ್ತು ಈ ಕಿಟ್‌ಗಳ ಮಿತಿ ಇರುವುದು ಇಲ್ಲೇ. ನೋವಿನ ಮಾತ್ರೆ, ಕೋಟ್ರೈಮಾಕ್ಸಜೋಲ್, ಮೆಟ್ರೋನಿಡಜೋಲ್, ಡಾಕ್ಸಿಸೈಕ್ಲಿನ್ ನುಂಗಿದ ಕೆಲವೇ ಗಂಟೆಗಳಲ್ಲಿ ಪ್ರತಿ ಸಲ ಅದೇ ಜಾಗದಲ್ಲಿ ಗುಳ್ಳೆ ಎದ್ದು ಕಪ್ಪು ಕಲೆ ಉಳಿದರೆ ಅದು ಔಷಧಿಯ ಅಲರ್ಜಿ. ಇದನ್ನು ಹೇಳದಿದ್ದರೆ ನೀಲಿ ಕಿಟ್ಟೇ ಹೊಸ ಗುಳ್ಳೆ ಎಬ್ಬಿಸೀತು. ಹಾಗಾಗಿ ಹಿಂದಿನ ಎರಡು ವಾರ ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಒಯ್ಯಿರಿ. ಮಾತ್ರೆಯ ನಂತರ ಬಾಯಿ, ಕಣ್ಣುಗಳಲ್ಲೂ ಗುಳ್ಳೆ ಬಂದರೆ ಕ್ಲಿನಿಕ್ ಬೇಡ, ನೇರ ತುರ್ತು ವಿಭಾಗಕ್ಕೆ ಹೋಗಿ. ಶಿಶ್ನಮಣಿ ಕೆಂಪಾಗಿ ತುರಿಕೆ, ಮೊಸರಿನಂಥ ಬಿಳಿ ಪದರ ಇದ್ದರೆ ಶಿಲೀಂಧ್ರ: ಕ್ಲೋಟ್ರಿಮಜೋಲ್ 1% ದಿನಕ್ಕೆರಡು ಸಲ, ಒಂದರಿಂದ ಎರಡು ವಾರ. ಜೊತೆಗೆ ಶುಗರ್ ನೋಡಿಸಿ. ಡಾಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ನುಂಗುವ ಸಕ್ಕರೆ ರೋಗಿಗಳಲ್ಲಿ ಇದು ಹೆಚ್ಚು. ರಾತ್ರಿ ತುರಿಕೆ, ಬೆರಳ ಸಂದಿಯಲ್ಲೂ ಗುಳ್ಳೆ ಇದ್ದರೆ ಕಜ್ಜಿ: ಪರ್ಮೆಥ್ರಿನ್ 5% ಕುತ್ತಿಗೆಯಿಂದ ಕೆಳಗೆ ಇಡೀ ಮೈಗೆ ರಾತ್ರಿ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ತೊಳೆದು, ವಾರದ ಬಳಿಕ ಮತ್ತೊಮ್ಮೆ, ಮನೆಮಂದಿಯೆಲ್ಲ ಒಟ್ಟಿಗೆ. ಇವೆರಡಕ್ಕೂ ಚರ್ಮರೋಗ ವಿಭಾಗದ ಚೀಟಿ ಬೇಕು.

ಸುರಕ್ಷಾ ಕ್ಲಿನಿಕ್‌ನ ದೊಡ್ಡ ಬಲ ಆಪ್ತಸಮಾಲೋಚಕರು. ಖಾಸಗಿ ಕ್ಲಿನಿಕ್‌ಗಳಲ್ಲಿ ಇಷ್ಟು ಬಿಡಿಸಿ ಕೇಳುವವರು ಅಪರೂಪ. ಸಂಪರ್ಕ ಯಾವಾಗ, ಕಾಂಡೋಮ್ ಇತ್ತೇ ಎಂದು ಕೇಳಿದರೆ ಸತ್ಯವನ್ನೇ ಹೇಳಿ. ಎಚ್‌ಐವಿ ಪರೀಕ್ಷೆಯನ್ನೂ ಉಚಿತವಾಗಿ ಮಾಡಿಸುತ್ತಾರೆ. ಎಚ್‌ಐವಿ ಮಾಹಿತಿಯ ಗೋಪ್ಯತೆಗೆ 2017ರ ಎಚ್‌ಐವಿ-ಏಡ್ಸ್ ಕಾಯ್ದೆಯ ರಕ್ಷಣೆ ಇದೆ. ಸಂಗಾತಿಯನ್ನೂ ಕರೆತರಬೇಕು. ಹುಣ್ಣು ಪೂರ್ತಿ ಒಣಗಿ ಹೊಸ ಚರ್ಮ ಬರುವವರೆಗೆ ಸಂಭೋಗ ಬೇಡ, ಕಾಂಡೋಮ್ ಹಾಕಿಕೊಂಡೂ ಬೇಡ. ಅದು ಬುಡವನ್ನೂ ವೃಷಣವನ್ನೂ ಮುಚ್ಚುವುದಿಲ್ಲ. ಹತ್ತಿರದ ಕ್ಲಿನಿಕ್ ಎಲ್ಲಿದೆ ಎಂದು ಸಹಾಯವಾಣಿ 1097ಕ್ಕೆ ಕರೆ ಮಾಡಿ ಕೇಳಬಹುದು.

ಹರ್ಪಿಸ್ ಪದೇ ಪದೇ ಮರುಕಳಿಸುವವರಿಗೆ ಮಾತ್ರ ಈ 21 ಮಾತ್ರೆ ಸಾಲದು. ಪ್ರತಿ ಸಲವೂ ಚುಮುಚುಮು ಅನ್ನಿಸಿದ ದಿನವೇ ಶುರುಮಾಡಿ 400 ಮಿ.ಗ್ರಾಂ ಮೂರು ಹೊತ್ತು, 5 ದಿನ ನುಂಗಬೇಕು. ವರ್ಷಕ್ಕೆ ಆರು ಸಲಕ್ಕಿಂತ ಹೆಚ್ಚು ಬಂದರೆ ದಿನಕ್ಕೆರಡರಂತೆ ತಿಂಗಳುಗಟ್ಟಲೆ ಬೇಕಾಗುತ್ತದೆ. ಅದಕ್ಕೆ ಕಿಟ್‌ನಲ್ಲಿ ಜಾಗವಿಲ್ಲ. ಅಲ್ಲಿಯೇ ಚೀಟಿ ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.