ಹೆಡರ್ ಫೈಲ್ ತಯಾರಿಗೆ ಸ್ವಂತ ಸ್ಕ್ರಿಪ್ಟೋ, ಸಿಮೇಕೋ?

ಬಿಲ್ಡ್ ಆಯ್ಕೆಗಳಿಂದ (ಪ್ರೋಗ್ರಾಂ ಕಟ್ಟುವಾಗ ಯಾವ ಸೌಲಭ್ಯ ಬೇಕು, ಯಾವುದು ಬೇಡ ಎಂಬ ಸೂಚನೆಗಳಿಂದ) ಹೆಡರ್ ಫೈಲ್, ಅಂದರೆ ಸಿ ಫೈಲುಗಳು ಸೇರಿಸಿಕೊಳ್ಳುವ ಘೋಷಣೆಗಳ ಫೈಲ್, ತಯಾರಿಸುವ ಕೆಲಸವನ್ನು ಸ್ವಂತ ಪೈಥಾನ್ ಸ್ಕ್ರಿಪ್ಟಿಗೆ ವಹಿಸಬೇಕೇ, ಸಿಮೇಕ್ ಎಂಬ ಬಿಲ್ಡ್ ಸಾಧನದ ಕಾನ್ಫಿಗರ್_ಫೈಲ್ ಆಜ್ಞೆಗೆ ಬಿಡಬೇಕೇ ಎಂದು ನಿರ್ಧರಿಸುವಾಗ ಮೊದಲು ನೋಡಬೇಕಾದದ್ದು ಮರುಕಂಪೈಲಿನ (ಕೋಡನ್ನು ಮತ್ತೆ ಯಂತ್ರಭಾಷೆಗೆ ತಿರುಗಿಸುವ) ಹೊರೆಯನ್ನು. ಸಿಮೇಕ್ ಟೆಂಪ್ಲೇಟನ್ನು (ಖಾಲಿ ಜಾಗಗಳಿರುವ ಮಾದರಿ ಫೈಲನ್ನು) ತುಂಬಿ, ಫಲಿತಾಂಶ ಹಿಂದಿನದಕ್ಕಿಂತ ಬೇರೆಯಾಗಿದ್ದರೆ ಮಾತ್ರ ಫೈಲನ್ನು ಬದಲಿಸುತ್ತದೆ; ಸ್ಕ್ರಿಪ್ಟಿನಲ್ಲಿ ಈ ಎಚ್ಚರವನ್ನು ನಾವೇ ವಹಿಸಬೇಕು, ಅಂದರೆ ತಾತ್ಕಾಲಿಕ ಫೈಲಿಗೆ ಬರೆದು, ಹಳೆಯದರೊಡನೆ ಹೋಲಿಸಿ, ವ್ಯತ್ಯಾಸವಿದ್ದರಷ್ಟೇ ಅದರ ಜಾಗಕ್ಕೆ ತರಬೇಕು. ಇಲ್ಲವಾದರೆ ಫೈಲಿನ ಸಮಯ ಬದಲಾಗಿ, ಆ ಹೆಡರನ್ನು ಸೇರಿಸಿಕೊಂಡ ಸಿ ಫೈಲುಗಳೆಲ್ಲ ವಿನಾಕಾರಣ ಮತ್ತೆ ಕಂಪೈಲ್ ಆಗುತ್ತವೆ.

ಆಯ್ಕೆಗಳು ಒಂದನ್ನೊಂದು ಅವಲಂಬಿಸಿದಾಗ ಸ್ಕ್ರಿಪ್ಟಿನ ಬಲ ತಿಳಿಯುತ್ತದೆ: ಟಿಎಲ್‌ಎಸ್ (ನೆಟ್‌ವರ್ಕ್ ಸಂವಹನವನ್ನು ಗೂಢಲಿಪಿಯಲ್ಲಿ ಕಾಪಾಡುವ ವಿಧಾನ) ಬೇಕು, ನೆಟ್‌ವರ್ಕ್ ಬೇಡ ಎಂದು ಯಾರಾದರೂ ಬರೆದರೆ ಅಲ್ಲಿಯೇ ದೋಷ ತೋರಿಸಿ ನಿಲ್ಲಿಸಬಹುದು. ಸಿಮೇಕ್‌ನಲ್ಲಿಯೂ ಇದು ಸಾಧ್ಯ, ಆದರೆ ನಿಯಮಗಳು ಹೆಚ್ಚಿದಂತೆ ಬರಹ ತೊಡಕಾಗುತ್ತದೆ. ಲಿನಕ್ಸ್ ಕರ್ನಲ್ಲಂತೂ ಇಂಥ ನಂಟುಗಳಿಗೆಂದೇ ಕೆಕಾನ್ಫಿಗ್ ಎಂಬ ಪ್ರತ್ಯೇಕ ಭಾಷೆಯನ್ನೇ ಇಟ್ಟುಕೊಂಡಿದೆ. ಬಿಡಿಬಿಡಿಯಾದ ಕೆಲವೇ ಆಯ್ಕೆಗಳಿದ್ದರೆ ಸಿಮೇಕ್ ಧಾರಾಳವಾಗಿ ಸಾಕು.

ಯಾವುದನ್ನು ಆರಿಸಿದರೂ, ಬೇಡವಾದ ಆಯ್ಕೆಗೆ 0 ಬರೆಯುವ ಪದ್ಧತಿ ಹಿಡಿದರೆ ಕೋಡಿನಲ್ಲಿ ‘ಇಫ್‌ಡೆಫ್’ (ಹೆಸರು ವ್ಯಾಖ್ಯಾನವಾಗಿದೆಯೇ ಎಂದಷ್ಟೇ ನೋಡುವ ಪರೀಕ್ಷೆ) ಬಿಟ್ಟು ‘ಇಫ್’ (ಬೆಲೆಯನ್ನು ನೋಡುವ ಪರೀಕ್ಷೆ) ಬಳಸಬೇಕು. ಏಕೆಂದರೆ ಬೆಲೆ 0 ಆಗಿರುವ ಮ್ಯಾಕ್ರೋ (ಹೆಡರಿನಲ್ಲಿ ಬೆಲೆ ಕೊಟ್ಟಿರುವ ಹೆಸರು) ಸಹ ‘ಇಫ್‌ಡೆಫ್’ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ.